ಕಹಿ ಹಿಂಡಬೇಡ, ಮಗಾ

ಸುಟ್ಟ ಕುಂಬಳಕ್ಕೆ ಕಹಿ ಸೊಪ್ಪು ಬೆರೆಸಿ ಸಲಾಡ್ ಮಾಡ್ತೀನಿ ಅಂದೆಯಲ್ಲ, ಮಾಡು. ಅದಕ್ಕೆ ಪೇಟೆಯ ಡಬ್ಬಿ ಸೊಪ್ಪೇ ಆಗಬೇಕೆಂದಿಲ್ಲ. ಮಾರ್ನಮಿ ಕಳೆದು ದೀಪಾವಳಿ ಹತ್ತಿರವಾದಾಗ ನಮ್ಮ ಚುಂಚನಕಟ್ಟೆ ಸೀಮೆಯಲ್ಲಿ ಬೇಕಾದ್ದೆಲ್ಲ ಕೈಗೆ ಸಿಗುತ್ತೆ. ಕಟ್ಟೆ ಕೆಳಗೆ ಭತ್ತದ ಗದ್ದೆ. ಹುಣಸೂರು, ಎಚ್.ಡಿ. ಕೋಟೆ ಕಡೆ ಹತ್ತಿದರೆ ರಾಗಿ ಹೊಲ, ಅದರೊಳಗೆ ಅಕ್ಕಡಿ ಸಾಲಿನ ಸಾಸಿವೆ, ಹುಚ್ಚೆಳ್ಳು.

ಕುಂಬಳ ಬಲಿತಿರಲಿ. ಉಗುರು ಒತ್ತಿದರೆ ಸಿಪ್ಪೆಗೆ ಇಳಿಯಬಾರದು, ತೊಟ್ಟು ಒಣಗಿ ಗಟ್ಟಿಯಾಗಿರಬೇಕು. ಕೊಯ್ದ ದಿನವೇ ಮಾಡುವುದಕ್ಕಿಂತ ಕೆಲವು ವಾರ ಅಟ್ಟದ ಮೇಲಿಟ್ಟ ಕಾಯಿ ಮೇಲು. ಒಳಗಿನ ಪಿಷ್ಟ ಸಕ್ಕರೆಯಾಗಿ ರುಚಿ ಕೂಡುತ್ತೆ. ಇಡೀ ಕುಂಬಳಕ್ಕೆ ಹೆಂಗಸರು ಮೊದಲ ಕತ್ತಿ ಹಾಕಬಾರದು ಅಂತಾರೆ. ನೀನು ಹಾಕು. ಗಂಡಸರು ಬರಲೆಂದು ಕಾದರೆ ಊಟದ ಹೊತ್ತು ಮೀರುತ್ತೆ.

ಹೆಚ್ಚಿದ ಮೇಲೆ ಒಂದು ಚೂರು ಹಸಿಯಾಗಿ ನಾಲಿಗೆಗೆ ಮುಟ್ಟಿಸಿ ನೋಡು. ಕಹಿ ಅನ್ನಿಸಿತೋ, ಉಗಿದು ಇಡೀ ಕಾಯಿಯನ್ನು ತಿಪ್ಪೆಗೆ ಹಾಕು, ದನಕ್ಕೂ ಬೇಡ. ಮನೆಯ ಬೀಜ ಬಿತ್ತಿದಾಗ ಪರಾಗ ಬೆರೆತು ಅಪರೂಪಕ್ಕೆ ಹಾಗಾಗುವುದುಂಟು. ಆ ಕಹಿ ಕುಕರ್ಬಿಟಾಸಿನ್ ಅನ್ನುವ ವಿಷದ್ದು. ಬೇಯಿಸಿದರೂ, ಸುಟ್ಟರೂ ಹೋಗಲ್ಲ, ವಾಂತಿ ಭೇದಿ ಹಿಡಿಸುತ್ತೆ. ಸೋರೆಕಾಯಿಗೂ ಇದೇ ಮಾತು. ನಿನ್ನ ತಟ್ಟೆಯಲ್ಲಿ ಕಹಿ ಇರಬೇಕಾದ್ದು ಸೊಪ್ಪಿನಲ್ಲಿ ಮಾತ್ರ.

ಸಿಪ್ಪೆ ಸಮೇತ ಬೆರಳು ದಪ್ಪದ ಹೋಳು ಮಾಡಿ ಬಟ್ಟೆಯಲ್ಲಿ ಒರೆಸು, ಎಣ್ಣೆ ಸವರು. ಉಪ್ಪು ಆಮೇಲೆ, ಈಗಲೇ ಹಾಕಿದರೆ ನೀರು ಬಿಡುತ್ತೆ. ಓವನ್ ಇದ್ದರೆ 200 ಡಿಗ್ರಿಯಲ್ಲಿ ಅರ್ಧ ಗಂಟೆ, ಬೇಕಾದರೆ ಇನ್ನೂ ಸ್ವಲ್ಪ. ಇಲ್ಲದಿದ್ದರೆ ಕಬ್ಬಿಣದ ಕಾವಲಿ ಸಾಕು. ಹೋಳುಗಳನ್ನು ಒತ್ತೊತ್ತಾಗಿ ಜೋಡಿಸಬೇಡ, ಮುಚ್ಚಳ ಮುಚ್ಚಬೇಡ. ಆವಿ ಕೂತರೆ ಅದು ಬೆಂದ ಕುಂಬಳ, ಪಲ್ಯಕ್ಕಾದೀತು. ಅಂಚು ಕಪ್ಪಗೆ ಹತ್ತಿ, ಒಳಗೆ ಮೆತ್ತಗಾದರೆ ಇಳಿಸು. ಬೀಜ ಬಿಸಾಡಬೇಡ, ತೊಳೆದು ಒಣಗಿಸಿ ಹುರಿದಿಟ್ಟುಕೋ.

ಸೊಪ್ಪಿಗೆ ಬಾ. ಎಳೆ ಮೆಂತ್ಯ ಒಂದು ಹಿಡಿ, ಎಳೆ ಸಾಸಿವೆ ಸೊಪ್ಪು ಒಂದು ಹಿಡಿ. ಗಣಿಕೆ, ನುಗ್ಗೆ ಹಸಿಯಾಗಿ ಬೇಡ, ಅವು ಸಾರಿಗಿರಲಿ. ಹೊಗೆಸೊಪ್ಪು, ಹತ್ತಿ ಬೆಳೆದ ಹೊಲದ ಬದುವಿನಿಂದ ಏನನ್ನೂ ಕಿತ್ತು ತರಬೇಡ; ಅಲ್ಲಿ ಯಾವ ಔಷಧಿ ಹೊಡೆದಿದ್ದಾರೋ ನಿನಗೆ ಯಾರು ಹೇಳುತ್ತಾರೆ? ತೊಳೆದು ನೀರು ಪೂರ್ತಿ ಒದರು. ಇನ್ನು ಎಲ್ಲರೂ ಮಾಡುವ ಒಂದು ಕೆಲಸ ನೀನು ಮಾಡಬೇಡ: ಉಪ್ಪು ಹಾಕಿ ಮೆಂತ್ಯ ಹಿಂಡುವುದು. ಹಾಗಲಕಾಯಿಗೆ ಹಾಗೆ ಮಾಡು, ಬೇಡ ಅನ್ನಲ್ಲ. ಆದರೆ ಇಲ್ಲಿ ಕಹಿ ತೆಗೆದರೆ ಬರೀ ಸಿಹಿ ಉಳಿದು ನಾಲ್ಕು ತುತ್ತಿಗೆ ಮುಖ ಹೊಡೆಯುತ್ತೆ. ಸಕ್ಕರೆ, ಜೇನು ಕೂಡ ಹತ್ತಿರ ಬರಬಾರದು.

ಆಲಿವ್ ಎಣ್ಣೆ ಹುಡುಕಿಕೊಂಡು ಹೋಗಬೇಡ. ಹೋದ ವರ್ಷದ ಹುಚ್ಚೆಳ್ಳನ್ನು ಸಣ್ಣ ಉರಿಯಲ್ಲಿ ಚಿಟಪಟ ಅನ್ನುವವರೆಗೆ ಹುರಿದು, ಎರಡು ಒಣಮೆಣಸಿನಕಾಯಿ, ಒಂದು ಎಸಳು ಬೆಳ್ಳುಳ್ಳಿ, ಉಪ್ಪು ಸೇರಿಸಿ ತರಿಯಾಗಿ ಕುಟ್ಟು. ಅದರಲ್ಲೇ ಎಣ್ಣೆ ಇದೆ. ಕುಂಬಳ ಉಗುರುಬೆಚ್ಚಗಿರುವಾಗ ಪುಡಿ ಉದುರಿಸಿ ಹೊರಳಿಸು, ಆಮೇಲೆ ಸೊಪ್ಪು ಹಾಕು. ಸುಡುಸುಡು ಹೋಳಿನ ಮೇಲೆ ಹಾಕಿದರೆ ಸೊಪ್ಪು ಬಾಡಿ ಸಪ್ಪಗಾಗುತ್ತೆ. ನಿಂಬೆಹುಳಿಯನ್ನು ತಟ್ಟೆ ಮುಂದೆ ಕೂತ ಮೇಲೆಯೇ ಹಿಂಡು, ಹುರಿದ ಬೀಜ ಕಡೆಗೆ.

ಮಿಕ್ಕಿದ್ದನ್ನು ಫ್ರಿಜ್ಜಿಗೆ ತುರುಕಬೇಡ. ರಾತ್ರಿಗೆ ಒಗ್ಗರಣೆ ಹಾಕಿ, ಹುಣಸೆಹಣ್ಣಿನ ರಸ ಬಿಟ್ಟು ಕುದಿಸಿದರೆ ಗೊಜ್ಜಾಗುತ್ತೆ. ರಾಗಿ ರೊಟ್ಟಿ ಎರಡು ಹೆಚ್ಚಾಗಿಯೇ ತಟ್ಟು.