ನಾಲ್ಕು ಮಿಲಿಮೀಟರಿನ ಹತ್ತಿ ಹೂವು

ಪ್ರಶ್ನೆ: ನಮ್ಮ ಹೊಲದ ಹತ್ತಿ ಹೂವನ್ನು ಹತ್ತಿರದಿಂದ ತೆಗೆದರೆ ಒಂದು ಎಸಳು ಸ್ಪಷ್ಟ, ಉಳಿದದ್ದು ಮಸುಕು. ಹಿಂದೆ ಕಡ್ಡಿ, ಕಾಂಡ, ಬಿಳಿ ಆಕಾಶದ ತೇಪೆ. 18–55 ಮತ್ತು 55–250 ಲೆನ್ಸ್‌ಗಳಿವೆ. ಮ್ಯಾಕ್ರೋ ಲೆನ್ಸ್ ಕೊಳ್ಳಲೇಬೇಕೆ?
— ಓದುಗರೊಬ್ಬರು, ಚಂದ್ರಬಂಡ, ರಾಯಚೂರು ತಾಲ್ಲೂಕು

ಉತ್ತರ: ಸದ್ಯಕ್ಕೆ ಬೇಡ. ಹತ್ತಿ ಮಾರುವವರೆಗಾದರೂ ಆ ದುಡ್ಡು ಜೇಬಿನಲ್ಲಿರಲಿ. 55–250 ಹಾಕಿ, ಪೂರ್ತಿ 250ಕ್ಕೆ ಎಳೆದು, ಸುಮಾರು ಒಂದು ಮೀಟರ್ ದೂರದಲ್ಲಿ ಕೂತರೆ ಒಂದೇ ಹೂವು ಫ್ರೇಮಿನ ಬಹುಪಾಲು ತುಂಬುತ್ತದೆ.

ಹತ್ತಿರ ಹೋದಷ್ಟೂ ಸ್ಪಷ್ಟವಾಗಿ ಮೂಡುವ ಪದರ ತೆಳುವಾಗುತ್ತದೆ. ಇಷ್ಟು ಹತ್ತಿರದಲ್ಲಿ ಎಫ್/8 ಇಟ್ಟರೆ ಆ ಪದರ ನಾಲ್ಕೈದು ಮಿಲಿಮೀಟರ್, ಎಫ್/5.6ರಲ್ಲಿ ಮೂರರ ಆಸುಪಾಸು. ಹತ್ತಿ ಹೂವೋ ಬಟ್ಟಲಿನಂಥದ್ದು, ಆಳವಿದೆ. ಕ್ಯಾಮೆರಾವನ್ನು ಬೈಯುವ ಮೊದಲು ಯಾವ ನಾಲ್ಕು ಮಿಲಿಮೀಟರ್ ಬೇಕೆಂದು ನೀವೇ ಗೊತ್ತುಮಾಡಿಕೊಳ್ಳಿ. ಎದುರಿನಿಂದ ತೆಗೆದರೆ ನನ್ನ ಆಯ್ಕೆ ನಡುವಿನ ಪರಾಗದ ಕಂಬ, ಅದರ ತುದಿ. ಅಲ್ಲಿ ಒಂದೊಂದು ಕಾಳೂ ಎಣಿಸುವಷ್ಟು ಸ್ಪಷ್ಟವಿದ್ದರೆ ಅಂಚು ಕರಗಿದ್ದಕ್ಕೆ ಯಾರೂ ತಕರಾರು ಎತ್ತುವುದಿಲ್ಲ. ಎಸಳಿನ ನರಗಳೇ ಬೇಕೆಂದರೆ ಪಕ್ಕದಿಂದ ತೆಗೆಯಿರಿ. ಕ್ಯಾಮೆರಾದ ಬೆನ್ನು ಎಸಳಿಗೆ ಸಮಾನಾಂತರವಾಗಿರಲಿ. ಎಫ್/16ಕ್ಕೆ ಹೋದರೆ ಪದರ ದಪ್ಪವಾಗುತ್ತದೆ, ನಿಜ. ಆದರೆ ನಿಮಗೆ ಬೇಡವಾದ ಕಡ್ಡಿಗಳೂ ಎದ್ದು ಬರುತ್ತವೆ.

ಮೂರು ಮಿಲಿಮೀಟರ್ ತಪ್ಪಲು ನಿಮ್ಮ ಒಂದು ಉಸಿರು ಸಾಕು. ಗಿಡ್ಡ ಟ್ರೈಪಾಡ್ ಇಲ್ಲದಿದ್ದರೆ ಬೋರಲು ಹಾಕಿದ ಬಕೀಟಿನ ಮೇಲೆ ಜೋಳ ತುಂಬಿದ ಸಣ್ಣ ಚೀಲವಿಟ್ಟು ಅದರ ಮೇಲೆ ಲೆನ್ಸ್ ಊರಿ. ಲೈವ್ ವ್ಯೂ ಹಿಗ್ಗಿಸಿ, ಕೈಯಿಂದಲೇ ಫೋಕಸ್ ತಿರುಗಿಸಿ. ವೇಗ 1/500 ಇರಲಿ, ಒಮ್ಮೆಗೆ ಏಳೆಂಟು ಚಿತ್ರ ಹೊಡೆಯಿರಿ. ಗಾಳಿ ನಸುಕಿನಲ್ಲಿ ಕಡಿಮೆ, ಹತ್ತಿ ಹೂವು ಬಿಚ್ಚುವುದು ಹೊತ್ತೇರಿದ ಮೇಲೆ. ನಡುವೆ ಸಿಗುವ ಅರ್ಧ ಗಂಟೆಗೆ ಕಾಯಬೇಕು.

ಹಿನ್ನೆಲೆಯ ಕೆಲಸ ಮೊಣಕಾಲಿನದು. 250ರಲ್ಲಿ ಲೆನ್ಸ್ ನೋಡುವ ಕೋನ ಕಿರಿದು. ಒಂದು ಗೇಣು ಪಕ್ಕಕ್ಕೆ ಸರಿದರೂ ಹೂವಿನ ಹಿಂದಿನದೆಲ್ಲ ಬದಲಾಗುತ್ತದೆ. ಸಾಲಿನ ನಡುವಿನ ಹೂವು ಬಿಟ್ಟು ಬದುವಿನ ಕಡೆಯದನ್ನು ಹಿಡಿಯಿರಿ, ಹಿಂದೆ ಹತ್ತು ಹೆಜ್ಜೆ ಬಯಲಿರಲಿ. ಮೇಲಿನಿಂದ ಬಾಗಿದರೆ ಎರೆಮಣ್ಣು ಹಿನ್ನೆಲೆಯಾಗುತ್ತದೆ, ಅದಕ್ಕಿಂತ ಒಳ್ಳೆಯ ಕಪ್ಪು ಪರದೆ ಯಾವ ಸ್ಟುಡಿಯೋದಲ್ಲೂ ಇಲ್ಲ. ಮೋಸವೆಂದರೆ, ಆ ಕಪ್ಪನ್ನು ಕಂಡ ಕ್ಯಾಮೆರಾ ಬೆಳಕು ಹೆಚ್ಚಿಸಿ ಎಸಳನ್ನು ಸುಣ್ಣ ಬಳಿದಂತೆ ಮಾಡುತ್ತದೆ. ಎಕ್ಸ್‌ಪೋಷರ್ ಒಂದು ಸ್ಟಾಪ್ ಇಳಿಸಿ.

ಎಣ್ಣೆ ಹೊಡೆದ ಹೊಲಕ್ಕೆ ಮಾತ್ರ ನಾಲ್ಕು ದಿನ ಮೂಗು ತೂರಿಸಬೇಡಿ, ಹೂವು ಎಷ್ಟೇ ಚೆಲುವಾಗಿರಲಿ.

ಇನ್ನೊಂದು ಮಾತು. ಇವತ್ತು ಕೆನೆಬಣ್ಣದಲ್ಲಿ ಅರಳಿದ ಹತ್ತಿ ಹೂವು ನಾಳೆ ಗುಲಾಬಿಗೆ ತಿರುಗುತ್ತದೆ. ಅದೇ ಸಾಲಿನಲ್ಲಿ ಮೂರಡಿ ಹಿಂದೆ ನಿನ್ನೆಯ ಹೂವೊಂದಿದ್ದರೆ ಅದನ್ನು ಫ್ರೇಮಿನಿಂದ ತಪ್ಪಿಸಬೇಡಿ. ಎಫ್/5.6ರಲ್ಲಿ ಅದು ಹೂವಾಗಿ ಕಾಣುವುದಿಲ್ಲ, ನೀರಿಗೆ ಬಿದ್ದ ಕುಂಕುಮದಂತೆ ಹರಡುತ್ತದೆ.