ಪ್ರಾಂಶುಪಾಲರ ಆಪ್ತ ಸಹಾಯಕ: ಒಂದು ವೃತ್ತಿ ಪರಿಚಯ

ಕಾಲೇಜಿನ ಪ್ರಾಂಶುಪಾಲರ ಹೆಸರು ಊರಿಗೆಲ್ಲ ತಿಳಿದಿರುತ್ತದೆ. ಅವರ ಕೊಠಡಿಯ ಹೊರಗೆ ಕುಳಿತ ಆಪ್ತ ಸಹಾಯಕರ ಹೆಸರು ಅನೇಕರಿಗೆ ತಿಳಿಯದು. ಆದರೂ ಒಳಗೆ ಹೋಗುವ ಕಾಗದವೂ ಹೊರಬರುವ ಆದೇಶವೂ ಅವರ ಕೈಯನ್ನೇ ಹಾಯಬೇಕು. ನಮ್ಮ ಶಾಲೆಯಿಂದ ಆದೋನಿ, ಬಳ್ಳಾರಿ, ಕರ್ನೂಲುಗಳ ಕಾಲೇಜು ಸೇರುವ ಮಕ್ಕಳಿಗೆ ಈ ವೃತ್ತಿಯ ಪರಿಚಯ ಉಪಯುಕ್ತವೆಂದು ಭಾವಿಸುತ್ತೇನೆ.

ದಿನನಿತ್ಯದ ಕಾರ್ಯ

ಬೆಳಗಿನ ಟಪಾಲನ್ನು ಬಿಡಿಸಿ, ಆವಕ ವಹಿಯಲ್ಲಿ ಕ್ರಮಾಂಕ ಹಾಗೂ ದಿನಾಂಕ ನಮೂದಿಸುವುದು ಮೊದಲ ಕೆಲಸ. ಬಳಿಕ ಪ್ರತಿ ಪತ್ರಕ್ಕೂ ಅದರ ಹಿಂದಿನ ಕಡತವನ್ನು ಜೋಡಿಸಿ ಮಂಡಿಸಬೇಕು. 2005ರ ಮಾಹಿತಿ ಹಕ್ಕು ಕಾಯಿದೆಯಂತೆ ಸಾಮಾನ್ಯವಾಗಿ 30 ದಿನಗಳೊಳಗೆ ಮಾಹಿತಿ ನೀಡಬೇಕು. ಅರ್ಜಿ ಬಂದ ದಿನವನ್ನೇ ಬರೆದಿಡದಿದ್ದರೆ ಲೆಕ್ಕ ತಪ್ಪುತ್ತದೆ. ಸಭೆಯ ನಡಾವಳಿಯಲ್ಲಿ ವಾಗ್ವಾದದ ಬಿಸಿಗೆ ಸ್ಥಾನವಿಲ್ಲ. ತೀರ್ಮಾನವೇನು, ಮಾಡುವವರಾರು, ಎಂದಿನೊಳಗೆ ಎಂಬ ಮೂರು ಸಂಗತಿಗಳು ಸ್ಪಷ್ಟವಾಗಿರಬೇಕು.

ಗಡಿನಾಡಿನ ವಿಶೇಷ ಹೊಣೆ

1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದವು. ಅಂದಿನಿಂದ ನಮ್ಮ ಭಾಗದ ವಿದ್ಯಾರ್ಥಿಯ ಹೆಸರು ಕನ್ನಡ, ತೆಲುಗು, ಇಂಗ್ಲಿಷ್ ಎಂಬ ಮೂರು ಲಿಪಿಗಳಲ್ಲಿ ಸಂಚರಿಸುತ್ತಿದೆ. ಉರುಕುಂದಿ ಈರಣ್ಣಸ್ವಾಮಿಯ ಹೆಸರು ನಮ್ಮಲ್ಲಿ ಮನೆಮನೆಯಲ್ಲಿದೆ. ಅದೇ ಹೆಸರನ್ನು ಒಬ್ಬರು ಈರಣ್ಣ ಎಂದೂ ಇನ್ನೊಬ್ಬರು ವೀರಣ್ಣ ಎಂದೂ ಬರೆಯುತ್ತಾರೆ. ಇಂಗ್ಲಿಷಿನಲ್ಲಂತೂ ಅದಕ್ಕೆ ನಾಲ್ಕಾರು ರೂಪಗಳು. ವರ್ಗಾವಣೆ ಪತ್ರದಲ್ಲಿ ಒಂದು, ಅಂಕಪಟ್ಟಿಯಲ್ಲಿ ಇನ್ನೊಂದು ರೂಪವಿದ್ದರೆ ವಿದ್ಯಾರ್ಥಿವೇತನವೇ ತಡೆಯಬಹುದು. ಆದ್ದರಿಂದ ಬಲ್ಲ ಸಹಾಯಕರು ಹತ್ತನೆಯ ತರಗತಿಯ ಪ್ರಮಾಣಪತ್ರವನ್ನು ಎದುರಿಗಿಟ್ಟುಕೊಂಡು ಅಕ್ಷರಕ್ಕಕ್ಷರ ಹೋಲಿಸಿದ ಮೇಲೆಯೇ ಸಹಿಗೆ ಕಳುಹಿಸುತ್ತಾರೆ. ಈ ಐದು ನಿಮಿಷದ ಶ್ರಮದಿಂದ ಒಂದು ಬಡಕುಟುಂಬದ ಹಲವು ದಿನಗಳ ಅಲೆದಾಟ ತಪ್ಪುತ್ತದೆ.

ನಂಬಿಕೆ ಮತ್ತು ಸೌಜನ್ಯ

ಅಧ್ಯಾಪಕರ ಮೇಲಣ ವಿಚಾರಣೆ, ನೇಮಕಾತಿಯ ಗುಟ್ಟು, ಪರೀಕ್ಷೆಯ ವ್ಯವಸ್ಥೆ ಮುಂತಾದವು ಸಹಾಯಕರಿಗೆ ಮೊದಲೇ ತಿಳಿಯುತ್ತವೆ. ತಿಳಿದದ್ದನ್ನು ಆಡದಿರುವುದೇ ಅವರ ಯೋಗ್ಯತೆ. ಮಹಾದೇವ ದೇಸಾಯಿಯವರು 1917ರಿಂದ 1942ರ ಆಗಸ್ಟ್ 15ರಂದು ಕಣ್ಮುಚ್ಚುವವರೆಗೂ ಗಾಂಧೀಜಿಯವರ ಕಾರ್ಯದರ್ಶಿಯಾಗಿದ್ದು, ಆಪ್ತತೆ ಎಂಬ ಮಾತಿಗೆ ಅರ್ಥ ತಂದರು.

ಸಹಿಯ ಅಧಿಕಾರವಿಲ್ಲದಿದ್ದರೂ ಬಾಗಿಲ ಅಧಿಕಾರ ಸಹಾಯಕರಿಗುಂಟು. ದಿನಗೂಲಿ ಬಿಟ್ಟು ಹಾಲಹರವಿಯಿಂದ ಬಸ್ಸಿನಲ್ಲಿ ಬಂದ ತಂದೆಗೆ "ಸಾಹೇಬರಿಲ್ಲ, ನಾಳೆ ಬನ್ನಿ" ಎಂದರೆ ಎರಡು ದಿನಗಳ ಕೂಲಿ ಹೋಯಿತು. ಯಾವ ಕಾಗದ ಬೇಕು, ಎಂದು ಬರಬೇಕು ಎಂಬುದನ್ನು ಒಮ್ಮೆಗೇ, ಅವರ ಭಾಷೆಯಲ್ಲೇ ತಿಳಿಸುವುದು ಉಪಕಾರವಲ್ಲ, ಕರ್ತವ್ಯ.

ವಿದ್ಯಾರ್ಥಿಗಳೇ, ಮೂರು ಭಾಷೆಗಳಲ್ಲಿ ಶುದ್ಧವಾಗಿ ಪತ್ರ ಬರೆಯಲು, ಗಣಕಯಂತ್ರದಲ್ಲಿ ಬೆರಳಚ್ಚು ಮಾಡಲು ಈಗಲೇ ಅಭ್ಯಾಸ ಮಾಡಿರಿ. ಕನ್ನಡ ಶಾಲೆಯ ಓದು ನೌಕರಿಗೆ ಅಡ್ಡಿಯೆಂಬ ಮಾತಿದೆ. ಗಡಿನಾಡಿನ ಕಚೇರಿಯಲ್ಲಿ ಜನರ ಮಾತನ್ನು ಅರಿತು ಕಾಗದಕ್ಕಿಳಿಸಬಲ್ಲವರಿಗೆ ಆ ಓದೇ ಬಂಡವಾಳ.