ದ್ರಾಕ್ಷಿ ತೋಟದಲ್ಲಿ ನೀರು ಮತ್ತು ಗೊಬ್ಬರದ ಹೊಂದಾಣಿಕೆ

ವಿಜಯಪುರ ನಗರಕ್ಕೆ ಸಮೀಪದ ತಿಕೋಟಾ ಮತ್ತು ಬಬಲೇಶ್ವರ ಸೀಮೆಗಳ ದ್ರಾಕ್ಷಿ ಬೆಳೆಗಾರರಿಗೆ ನೀರಿನ ಬೆಲೆಯನ್ನು ಬೇರೆಯವರು ಹೇಳಿಕೊಡಬೇಕಾದುದಿಲ್ಲ. ಬರದ ವರ್ಷಗಳಲ್ಲಿ ಟ್ಯಾಂಕರಿನ ನೀರನ್ನು ಕೊಂಡು ತೋಟಗಳನ್ನುಳಿಸಿಕೊಂಡವರು ಇವರು. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಈ ಕಡೆಗೆ ಬಂದ ಮೇಲೆ ಬೇರೊಂದು ಎಚ್ಚರಿಕೆಯು ಅವಶ್ಯವಾಗಿದೆ: ನೀರು ಹೆಚ್ಚಾದರೆ ಹಾಕಿದ ಗೊಬ್ಬರವೂ ವ್ಯರ್ಥವಾಗುವುದು.

ಬೇರು ನೀರಿನಲ್ಲಿ ಕರಗಿದ ಸತ್ವವನ್ನೇ ಹೀರತಕ್ಕದ್ದು. ಸಾರಜನಕವು ನೈಟ್ರೇಟಿನ ರೂಪದಲ್ಲಿ ನೀರಿನೊಡನೆ ಸುಲಭವಾಗಿ ಬೇರಿಗೆ ತಲುಪುವುದು. ನೀರು ಮಿತಿಮೀರಿದರೆ ಅಷ್ಟೇ ಸುಲಭವಾಗಿ ಬೇರಿನ ಕೆಳಕ್ಕೆ ಇಳಿದುಹೋಗುವುದು. ರಂಜಕವಾದರೋ ಹಾಕಿದ ಸ್ಥಳದಿಂದ ಹೆಚ್ಚು ಚಲಿಸದು. ಆದಕಾರಣ ಅದನ್ನು ಹನಿನೀರು ಬೀಳುವ, ಬೇರು ದಟ್ಟವಾಗಿರುವ ಎಡೆಯಲ್ಲಿಯೇ ಕೊಡತಕ್ಕದ್ದು. ಸಾಲುಗಳ ನಡುವಣ ಒಣನೆಲದಲ್ಲಿ ಚೆಲ್ಲಿದ ಗೊಬ್ಬರದಿಂದ ಬಳ್ಳಿಗೆ ಪ್ರಯೋಜನವಿಲ್ಲ.

ಎರೆಭೂಮಿಯು ನೀರನ್ನು ಬಹುಕಾಲ ಹಿಡಿದಿಡುವುದು. ಅತಿಯಾಗಿ ನೆನೆದಾಗ ಮಣ್ಣಿನೊಳಗಣ ಗಾಳಿ ಹೊರಬಿದ್ದು ಬೇರು ಉಸಿರುಗಟ್ಟುವುದು. ನೈಟ್ರೇಟಿನ ಒಂದು ಭಾಗ ಅನಿಲವಾಗಿ ಹಾರಿಹೋಗುವುದು. ಸುಣ್ಣದಂಶ ಹೆಚ್ಚಿರುವ ಹೊಲಗಳಲ್ಲಿ ಬಳ್ಳಿಗೆ ಕಬ್ಬಿಣದಂಶ ದೊರೆಯದೆ, ಎಳೆಯ ಎಲೆಗಳು ನರ ಮಾತ್ರ ಹಸುರಾಗಿ ಉಳಿದು ಹಳದಿಯಾಗುವುವು. ಇದನ್ನು ಹಸಿವೆಂದು ತಿಳಿದು ಯೂರಿಯಾ ಹಾಕಿ ಮತ್ತೆ ನೀರು ಬಿಡುವವರು ಅನೇಕರು. ಇದರಿಂದ ಕೇಡು ಬಲಿಯುವುದೇ ಹೊರತು ವಾಸಿಯಾಗದು. ಸಾರಜನಕ ಕಡಮೆಯಾದರೆ ಮೊದಲು ಹಳದಿಯಾಗುವುವು ಹಳೆಯ ಎಲೆಗಳು. ಈ ಭೇದವನ್ನು ರೈತರು ಕಣ್ಣಿಟ್ಟು ನೋಡಬೇಕು. ನೀರು ಬಿಡುವ ಮೊದಲು ಹನಿಯ ಬಳಿ ಗೇಣುದ್ದದ ಆಳದ ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿರಿ. ಉಂಡೆಗಟ್ಟಿ ಕೈಗೆ ಅಂಟಿದರೆ ಅಂದು ನೀರು ಬೇಡ.

ಈ ಹೊಂದಾಣಿಕೆಯು ಎಲ್ಲಕ್ಕಿಂತ ಮುಖ್ಯವಾಗುವುದು ಏಪ್ರಿಲ್ ಚಾಟ್ನಿಯ ಬಳಿಕ. ಗೊನೆಗಳು ಹೊರಬೀಳುವುದು ಅಕ್ಟೋಬರ್ ಚಾಟ್ನಿಯ ಮೇಲಾದರೂ, ಅವು ಕಣ್ಣಿನೊಳಗೆ ರೂಪುಗೊಳ್ಳುವುದು ಏಪ್ರಿಲ್ ಚಾಟ್ನಿಯಾದ ಸುಮಾರು 40ರಿಂದ 60 ದಿನಗಳಲ್ಲಿ. ಆಗ ನೀರೂ ಸಾರಜನಕವೂ ಯಥೇಚ್ಛವಾದರೆ ಬಳ್ಳಿ ಸೊಕ್ಕಿ ಹಬ್ಬುವುದು. ದಟ್ಟ ಎಲೆಯ ನೆರಳಿನಲ್ಲಿ ಕಣ್ಣುಗಳು ಬರಡಾಗುವುವು. ಹಸುರು ಚಪ್ಪರವನ್ನು ಕಂಡು ಹಿಗ್ಗಿದವರು ಅಕ್ಟೋಬರಿನಲ್ಲಿ ಗೊನೆಯಿಲ್ಲದ ಚಿಗುರನ್ನು ಕಾಣುವರು. ಅಷ್ಟರಲ್ಲಿ ವರ್ಷದ ಫಸಲು ಕೈಬಿಟ್ಟಿರುತ್ತದೆ. ಆದುದರಿಂದ ಚಿಗುರು ಬೆಳೆಯುವ ಮೊದಲ ತಿಂಗಳಿನಲ್ಲಿ ಸಾರಜನಕವನ್ನೂ ಸಾಕಷ್ಟು ನೀರನ್ನೂ ಕೊಟ್ಟು, ಅನಂತರ ಎರಡನ್ನೂ ತಗ್ಗಿಸಿ ರಂಜಕವನ್ನೂ, ಕಡ್ಡಿ ಬಲಿಯುವಾಗ ಪೊಟ್ಯಾಷನ್ನೂ ಕೊಡತಕ್ಕದ್ದು. ತಗ್ಗಿಸುವುದೆಂದರೆ ಬಳ್ಳಿ ಬಾಡುವಂತೆ ಮಾಡುವುದಲ್ಲ. ಆ ವೇಳೆಗೆ ಮುಂಗಾರು ಬಂದುಬಿಟ್ಟರೆ ನೀರು ನಮ್ಮ ಹಿಡಿತದಲ್ಲಿರದು, ಸಾರಜನಕವನ್ನಾದರೂ ನಿಲ್ಲಿಸಬಹುದು.

ಗೊಬ್ಬರದ ಪ್ರಮಾಣವನ್ನು ನೆರೆಯ ತೋಟವನ್ನು ನೋಡಿ ನಿಶ್ಚಯಿಸಕೂಡದು. ಚಾಟ್ನಿಯ 45ನೆಯ ದಿನದ ಸುಮಾರಿಗೆ ಕಡ್ಡಿಗಳ 5ನೆಯ ಎಲೆಯ ತೊಟ್ಟುಗಳನ್ನು ತೋಟದ ಹಲವು ಕಡೆಗಳಿಂದ ಕೂಡಿಸಿ ಪರೀಕ್ಷೆಗೆ ಕಳುಹಿಸತಕ್ಕದ್ದು.